ಪೋಲೆಂಡಿನ ಮೇಲೆ ಒಂದು ಹಿಡಿ ಅವರೆ

ಯೂಲೆಸ್, ಟೆಕ್ಸಸ್
ಜೂನ್ ೨೦೧೮

ಚಿರಂಜೀವಿ ಲೆಫ್ಟಿನೆಂಟ್ ಮಹತಿಗೆ,

ಅಪ್ಪನ ಆಶೀರ್ವಾದಗಳು. ಹುದ್ದೆ ಮೊದಲು ಬರೆಯಬೇಕೋ ಚಿರಂಜೀವಿ ಮೊದಲು ಬರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಚಿರಂಜೀವಿಯೇ ಮೊದಲು ಇರಲಿ, ಅದು ಹಳೆಯ ಹುದ್ದೆ.

ನೀನು ಕನ್ನಡ ಓದುವುದು ನಿಧಾನ ಎಂದು ಗೊತ್ತು. ರಿಚರ್ಡ್‌ಸನ್ ಊರಿನ ಶ್ರೀಪತಿ ಅಂಕಲ್ ತಮ್ಮ ಭಾನುವಾರದ ಕ್ಲಾಸಿನಲ್ಲಿ ಕಲಿಸಿದ್ದಷ್ಟೇ ನಿನ್ನ ಬಂಡವಾಳ. ಒತ್ತಕ್ಷರ ಬಂದಲ್ಲೆಲ್ಲ ಇವತ್ತಿಗೂ ತುಟಿ ಅಲ್ಲಾಡಿಸುತ್ತೀ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಮ್ಮ ನನ್ನ ಭುಜಕ್ಕೆ ಗಲ್ಲ ಒತ್ತಿಕೊಂಡೇ ನಿಂತಿರುತ್ತಾಳೆ. ನಿಮ್ಮ ಸೇನೆಯವರು ಹೆದರುವಂಥದ್ದೂ ಇದರಲ್ಲಿ ಏನಿಲ್ಲ. ನನ್ನ ಧಾರವಾಡದ ಕೈಬರಹವನ್ನು ಓದಬಲ್ಲ ಬೇಹುಗಾರ ಯುರೋಪಿನಲ್ಲಿ ಇನ್ನೂ ಹುಟ್ಟಿಲ್ಲ.

ಎಲ್ಲಿದ್ದೀ ಎಂದು ಕೇಳುವುದಿಲ್ಲ. ಕಿಲೀನಿನ ಸೇನಾ ನೆಲೆಯಲ್ಲಿ ಮನೆಯವರನ್ನೆಲ್ಲ ಕೂಡಿಸಿ ಆ ಮೇಜರ್ ಹೇಳಿದ್ದು ನಿನಗೂ ನೆನಪಿರಬಹುದು. ನಿಮ್ಮ ಮಕ್ಕಳು ಪೋಲೆಂಡಿನಲ್ಲಿ ಇರುತ್ತಾರೆ, ಯಾವ ಊರು, ಯಾವ ಕಾಡು ಎಂದು ಮಾತ್ರ ಕೇಳಬೇಡಿ ಎಂದ. ನಾನು ನಿಮ್ಮಮ್ಮನನ್ನು ಮೊಣಕೈಯಿಂದ ತಿವಿದೆ. ನಮ್ಮವ್ವ, ನಿನ್ನ ವಿಜಯಮ್ಮಜ್ಜಿ, ಜೀವನವಿಡೀ ಇದನ್ನೇ ಹೇಳುತ್ತಿದ್ದಳಲ್ಲ. "ಹೊಂಟವರನ್ನ ಎಲ್ಲಿಗೆ ಅಂತ ಕೇಳಬಾರದೋ, ಹೋದ ಕೆಲಸ ಆಗೂದಿಲ್ಲ. ದೂರ ಹೊಂಟೀರೇನು ಅನಬೇಕು." ಧಾರವಾಡದ ಮುದುಕಿಗೆ ತಿಳಿದದ್ದನ್ನು ಹೇಳಲು ಅಮೆರಿಕದ ಸೇನೆ ಪ್ರೊಜೆಕ್ಟರ್ ಹಚ್ಚಿತ್ತು. ನನಗಂತೂ ಇದು ಶಿಕ್ಷೆಯೇ. ನಕ್ಷೆಯ ಮುಂದೆ ಕೂತು ಎಲ್ಲಿ, ಎಲ್ಲಿ ಎಂದು ಕೇಳುವುದನ್ನು ಬಿಟ್ಟು ನಾನು ಬೇರೆ ಯಾವ ಹವ್ಯಾಸವನ್ನೂ ಇಟ್ಟುಕೊಂಡವನಲ್ಲ.

ಆ ಹವ್ಯಾಸಕ್ಕೆ ನನ್ನ ಕೆಲಸವೇ ಕಾರಣ ಇರಬೇಕು. ವಿಮಾನ ನಿಲ್ದಾಣದ ಕಾರ್ಗೋ ಕಚೇರಿಯಲ್ಲಿ ಕೂತು ಯಾವ ಪೆಟ್ಟಿಗೆ ವಿಮಾನದ ಮುಂದೆ, ಯಾವುದು ಹಿಂದೆ ಎಂದು ನಿರ್ಧರಿಸುವವನಿಗೆ ರಾಜರ ಶೌರ್ಯದ ಕತೆ ಒಂದಿಷ್ಟೂ ರುಚಿಸುವುದಿಲ್ಲ. ಸೈನ್ಯ ಏನು ತಿಂದಿತು, ರೈಲು ಎಷ್ಟು ಹೊತ್ತಿಗೆ ಬಂತು, ಸೇತುವೆ ತೂಕ ತಾಳಿತೇ, ಇಷ್ಟು ಹೇಳಿ, ಯಾರು ಸೋತರೆಂದು ನಾನು ಹೇಳುತ್ತೇನೆ. ನಿಮ್ಮಮ್ಮನಿಗೆ ಇದು ಹುಚ್ಚು. ಮದುವೆಯಾದ ಹೊಸತರಲ್ಲಿ ಹಾಗೆಂದಳು, ಈಗಲೂ ಹಾಗೇ ಅನ್ನುತ್ತಾಳೆ.

ಕಾಳಿನ ಯುದ್ಧ ಶುರುವಾದದ್ದು ನಿನಗೆ ಒಂಬತ್ತು ವರ್ಷವಿದ್ದಾಗ. ಅಜ್ಜಿ ಆ ಸಲ ಬಂದದ್ದು ಚಾತುರ್ಮಾಸದಲ್ಲಿ. ಅದರ ಕೊನೆಯ ತಿಂಗಳು ದ್ವಿದಳ ವ್ರತ. ಎರಡು ಹೋಳಾಗುವ ಯಾವ ಬೇಳೆಯೂ ಯಾವ ಕಾಳೂ ಒಲೆಯ ಹತ್ತಿರ ಸುಳಿಯುವಂತಿಲ್ಲ. ಕಪಾಟಿನ ಡಬ್ಬಿಗಳೆಲ್ಲ ಆ ಒಂದು ತಿಂಗಳು ನಿರುದ್ಯೋಗಿಗಳು. ಹಳೆಯ ಪುಸ್ತಕದಂಗಡಿಯಿಂದ ನಾನು ತಂದಿದ್ದ ೧೯೧೪ರ ಯುರೋಪಿನ ದೊಡ್ಡ ನಕ್ಷೆಯನ್ನು ಊಟದ ಮೇಜಿನ ಮೇಲೆ ಹಾಸಿ ಅವಕ್ಕೆಲ್ಲ ಕೆಲಸ ಕೊಟ್ಟೆ. ಉದ್ದು ಜರ್ಮನರು, ಹೆಸರುಕಾಳು ಫ್ರೆಂಚರು, ಕಡಲೆ ರಷ್ಯನರು, ಸಮುದ್ರದಾಚೆ ಅಲಸಂದೆ ಇಂಗ್ಲಿಷರು. ಬೆಲ್ಜಿಯಂಗೆ ಸಾಸಿವೆ. ಅಮೆರಿಕದವರಿಗೆ ಅವರೆಕಾಳು. ಮೈಸೂರಿನವಳಾದ ನಿಮ್ಮಮ್ಮ ಉಳಿದದ್ದನ್ನೆಲ್ಲ ಧಾರಾಳವಾಗಿ ಕೊಟ್ಟು ಅವರೆಯ ಡಬ್ಬಿಯನ್ನು ಮಾತ್ರ ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. ಹಾಗಾಗಿ ನಮ್ಮ ಮನೆಯಲ್ಲಿಯೂ ಅಮೆರಿಕ ಯುದ್ಧಕ್ಕೆ ತಡವಾಗಿಯೇ ಬಂತು.

ಅಜ್ಜಿ ಜಪಮಣಿ ಹಿಡಿದು ಬಾಗಿಲಲ್ಲಿ ನಿಂತು ಬೈದದ್ದೇ ಬೈದದ್ದು. "ತಿನ್ನೂ ಕಾಳು ಆಡಸ್ತೀರೇನು, ಪಾಪ ಹತ್ತತದ!" ವ್ರತ ಮುಗಿದ ದಿನ ಸತ್ತ ಸೈನಿಕರನ್ನೆಲ್ಲ ಬಾಚಿ, ನೆನೆಹಾಕಿ, ಇಂಗಿನ ಒಗ್ಗರಣೆ ಕೊಟ್ಟು ಉಸಳಿ ಮಾಡಿ ಹಾಕಿದಳು. ಅವತ್ತಿನಿಂದ ನಮ್ಮಲ್ಲಿ ಅದೇ ರೂಢಿಯಾಯಿತು. ಮಡಿದವರು ಸಂಜೆಗೆ ಉಸಳಿ.

ಆ ತಿಂಗಳಲ್ಲೇ ಒಂದು ದಿನ ಜರ್ಮನರ ಉದ್ದನ್ನು ನಾನು ಬೆಲ್ಜಿಯಂ ಕಡೆ ನೂಕುತ್ತಿದ್ದೆ. ಪ್ಯಾರಿಸ್ಸಿಗೆ ಹತ್ತಿರದ ದಾರಿ ಅದೇ, ನಡುವೆ ಇರುವವರು ಸಣ್ಣವರು, ಅವರನ್ನು ತುಳಿದು ಹೋಗುವುದು ಲೆಕ್ಕದ ಪ್ರಕಾರ ಸರಿ ಎಂದು ವಿವರಿಸುತ್ತಲೂ ಇದ್ದೆ. ನೀನು ಎರಡೂ ಅಂಗೈ ಚಾಚಿ ಸಾಸಿವೆಯನ್ನು ಮುಚ್ಚಿಕೊಂಡೆ. ಇವರು ಏನೂ ಮಾಡಿಲ್ಲವಲ್ಲ ಎಂದೆ, ನಿನ್ನ ಇಂಗ್ಲಿಷಿನಲ್ಲಿ. ಕಾಪಾಡುತ್ತೇವೆಂದು ಇಂಗ್ಲಿಷರು ಮಾತು ಕೊಟ್ಟಿದ್ದಾರೆ ಎಂದು ನಾನು ಸಮಾಧಾನ ಹೇಳಿದೆ. ನೀನು ನಕ್ಷೆಯನ್ನೆಲ್ಲ ಹುಡುಕಿ ನೋಡಿ, ಮಾತು ಕೊಟ್ಟಿದ್ದರೆ ಅವರ ಅಲಸಂದೆ ಇಲ್ಲಿ ಯಾಕಿಲ್ಲ ಎಂದು ಕೇಳಿದೆ. ಅದನ್ನು ಲಂಡನ್ನಿನವರನ್ನೇ ಕೇಳಬೇಕಿತ್ತು. ನಿನ್ನ ಕೈ ಎತ್ತಿಸಲು ಆಗದೆ ಆ ದಿನದ ಯುದ್ಧವನ್ನು ಅಲ್ಲಿಗೇ ನಿಲ್ಲಿಸಿದೆವು.

ಇನ್ನು ೨೦೧೪ರ ವಸಂತಕ್ಕೆ ಬರುತ್ತೇನೆ. ರಷ್ಯಾ ಕ್ರಿಮಿಯಾವನ್ನು ನುಂಗಿ ನೀರು ಕುಡಿದಿತ್ತು. ಟಿವಿಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಸೇರುವ ಹರಟೆಯ ಗುಂಪು ಆ ಶನಿವಾರ ನನ್ನನ್ನೇ ಹಿಡಿದು ಕೂರಿಸಿತು. ನೀನು ಆಸ್ಟಿನ್ನಿನಿಂದ ರಜೆಗೆ ಬಂದಿದ್ದೆ. ಯೂನಿವರ್ಸಿಟಿಯಲ್ಲಿ ಸೇನೆಯ ತರಬೇತಿಗೆ ಸೇರಿ ಒಂದು ವರ್ಷವಾಗಿತ್ತು. ಬೆಳಿಗ್ಗೆ ಬೇಗ ಏಳುವುದನ್ನಾದರೂ ಕಲಿಯುತ್ತಾಳೆ ಬಿಡು ಎಂದುಕೊಂಡಿದ್ದೆವು ನಾವು.

ನಮ್ಮ ಹಳೆಯ ನಕ್ಷೆಯಲ್ಲಿ ಪೋಲೆಂಡೇ ಇಲ್ಲ. ೧೯೧೪ರಲ್ಲಿ ಅದನ್ನು ಮೂರು ಸಾಮ್ರಾಜ್ಯಗಳು ಹಂಚಿಕೊಂಡು ಉಂಡಿದ್ದವು. ಹಸಿರು ಪೆನ್ಸಿಲ್ಲಿನಿಂದ ಅದರ ಗಡಿಯನ್ನು ನಾನೇ ಬರೆದೆ. ೧೯೩೯ರಲ್ಲಿ ಇಂಗ್ಲೆಂಡು ಮತ್ತು ಫ್ರಾನ್ಸು ಪೋಲೆಂಡಿಗೆ ಕಾಗದದ ಮೇಲೆ ಅಭಯ ಕೊಟ್ಟವು, ಒಬ್ಬನೇ ಒಬ್ಬ ಸೈನಿಕನನ್ನು ಅಲ್ಲಿ ನಿಲ್ಲಿಸಲಿಲ್ಲ, ತಿಂಗಳೊಪ್ಪತ್ತಿನಲ್ಲಿ ಪೋಲೆಂಡು ಮುಗಿಯಿತು ಎಂದು ಶುರುಮಾಡಿದೆ. ಕಾಗದಕ್ಕೆ ಯಾರೂ ಹೆದರುವುದಿಲ್ಲ ಎಂದೆ. ಆಮೇಲೆ ಆ ಫ್ರೆಂಚ್ ಸೇನಾಪತಿಯ ಕತೆ ಹೇಳಿದೆ. ಮೊದಲ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚೆ ಅವನ ಇಂಗ್ಲಿಷ್ ಗೆಳೆಯ, ನಮ್ಮ ಕಡೆಯಿಂದ ಕನಿಷ್ಠ ಎಷ್ಟು ಸೈನಿಕರು ಬಂದರೆ ನಿಮಗೆ ಉಪಯೋಗ ಎಂದು ಕೇಳಿದನಂತೆ. ಒಬ್ಬ ಸಾಕು, ಅವನು ಸಾಯುವಂತೆ ನಾವು ನೋಡಿಕೊಳ್ಳುತ್ತೇವೆ ಎಂದನಂತೆ ಸೇನಾಪತಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಉಬ್ಬಿಹೋದೆ. ಅಡುಗೆಮನೆಗೆ ಹೋಗಿ ಒಂದು ಹಿಡಿ ಅವರೆಕಾಳು ತಂದು ಹಸಿರು ಗೆರೆಯ ಒಳಗೆ ಇಟ್ಟೆ.

ಶ್ರೀಪತಿ ಕೇಳಿದರು, "ಅಲ್ರೀ ಜಯತೀರ್ಥ, ಆ ಕಡೆ ಕಡಲೆ ಡಬ್ಬೀನೇ ಇದೆ. ಇಷ್ಟೇ ಇಷ್ಟು ಅವರೆ ಏನ್ ಮಾಡುತ್ತೆ?"

"ಏನೂ ಮಾಡೂದಿಲ್ಲ," ಎಂದೆ. "ಸಾಯ್ತಾವ. ಅದಕ್ಕ ಇಡೂದು. ಇವು ಸತ್ತರ ಅಮೆರಿಕ ಮನ್ಯಾಗ ಕೂಡೂ ಹಂಗಿಲ್ಲ. ಅದು ಆ ಕಡೆಯವರಿಗೂ ಗೊತ್ತಿರತದ. ಅದಕ್ಕ ಅವರು ಬರೂದಿಲ್ಲ."

ಚಪ್ಪಾಳೆ ಬಿತ್ತು. ನೀನು ಚಪ್ಪಾಳೆ ಹೊಡೆಯಲಿಲ್ಲ. ಒಂದು ಅವರೆಯನ್ನು ಬೆರಳ ತುದಿಯಲ್ಲಿ ಉರುಳಿಸುತ್ತ, ಇವರಿಗೆ ಅದು ಗೊತ್ತಿರುತ್ತದೆಯೇ ಅಪ್ಪಾ ಎಂದು ಕೇಳಿದೆ. ನಾನು ಒಂದು ಕ್ಷಣವೂ ತಡವರಿಸಲಿಲ್ಲ. "ಗೊತ್ತಿರಬೇಕವ್ವಾ. ಗೊತ್ತಿದ್ದೂ ನಿಲ್ಲೂ ಮಂದೀನ ಬೇಕು ಅಲ್ಲೆ." ಅಷ್ಟರಲ್ಲಿ ನಿಮ್ಮಮ್ಮ ಗೊಜ್ಜವಲಕ್ಕಿ ತಂದಳು, ಯುರೋಪನ್ನು ಎತ್ತಿ ಮೇಜು ಖಾಲಿ ಮಾಡಿದೆವು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ವಾದ ಸರಿಯಾಗಿತ್ತು, ಇವತ್ತಿಗೂ ಸರಿಯಾಗಿದೆ. ನನ್ನ ಮಗಳು ಅಲ್ಲಿ ನಿಂತಳೆಂದು ನಾನು ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ತನ್ನ ಮನೆ ಬಾಗಿಲಿಗೆ ಬಂದ ಕೂಡಲೇ ಬಣ್ಣ ಬದಲಿಸುವ ವಾದ ವಾದವೇ ಅಲ್ಲ. ಶೀತಲ ಸಮರದ ಕಾಲಕ್ಕೆ ಬರ್ಲಿನ್ನಿನಲ್ಲಿ ಹಾಗೆ ಹಿಡಿಯಷ್ಟು ಅಮೆರಿಕದವರು ಎಷ್ಟೋ ವರ್ಷ ನಿಂತರು, ಯಾರೂ ಬರಲಿಲ್ಲ, ಅವರು ವಯಸ್ಸಾಗಿ ಮೊಮ್ಮಕ್ಕಳನ್ನು ಆಡಿಸಿದರು. ಇದನ್ನು ನಾನು ನನಗೇ ಕಾರಿನಲ್ಲಿ ದಿನಾ ಹೇಳಿಕೊಳ್ಳುತ್ತೇನೆ. ವಾದ ಸರಿಯಿದೆ, ಹೆದರಿಕೆಯೂ ಇದೆ, ಒಂದು ಇನ್ನೊಂದನ್ನು ಏನೂ ಮಾಡುತ್ತಿಲ್ಲ.

ಈ ಯುಗಾದಿಗೆ ನೀನು ಕಿಲೀನಿನಿಂದ ಡ್ರೈವ್ ಮಾಡಿಕೊಂಡು ಬಂದೆ. ಒಬ್ಬಟ್ಟು ಬಡಿಸುತ್ತಿದ್ದ ನಿಮ್ಮಮ್ಮನಿಗೆ, ಒಂಬತ್ತು ತಿಂಗಳು ಪೋಲೆಂಡಿನಲ್ಲಿ ಟ್ರೈನಿಂಗು, ಅಷ್ಟೇ ಎಂದೆ. ಅವಳು ತುಪ್ಪ ಹಾಕುತ್ತಲೇ, "ಹಂಗಾದ್ರೆ ಚಳಿಗೆ ಥರ್ಮಲ್ಸ್ ತಗೋಬೇಕು," ಎಂದಳು. ಅಷ್ಟೇ ಎಂದಳು. ಊಟವಾದ ಮೇಲೆ ಟೈರಿನ ಗಾಳಿ ನೋಡೋಣ ಬಾ ಎಂದು ನನ್ನನ್ನು ಗರಾಜಿಗೆ ಕರೆದೆ. ಗಾಳಿ ಸರಿಯಾಗಿಯೇ ಇತ್ತು. ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ ನೀನು, ಅವತ್ತು ಕನ್ನಡದಲ್ಲಿ ಹೇಳಿದೆ: "ಅಪ್ಪಾ, ಅಮ್ಮಂಗೆ ಆ ಅವರೆಕಾಳಿನ ಪಾಠ ಹೇಳ್ಬೇಡಿ. ಪ್ಲೀಸ್." ನಾನು ಆಯಿತು ಎಂದೆ. ನೀನು ಎಲ್ಲವನ್ನೂ ತಿಳಿದೇ ಹೊರಟಿದ್ದೀ ಎಂದು ನನಗೆ ಅಲ್ಲಿ, ಹುಲ್ಲು ಕತ್ತರಿಸುವ ಮಷೀನಿನ ಪಕ್ಕದಲ್ಲಿ, ತಿಳಿಯಿತು.

ಗುಟ್ಟು ಕಾಯುವುದು ನನ್ನಂಥ ಬಾಯಿಬಡುಕನಿಗೆ ಸಾಮಾನ್ಯ ಕೆಲಸವಲ್ಲ. ಶ್ರೀಪತಿ ಊಟಕ್ಕೆ ಬಂದವರು, "ಏನ್ರೀ, ನಿಮ್ಮ ಅವರೆಕಾಳು ಥಿಯರಿ..." ಎಂದು ಶುರುಮಾಡಿದಾಗ ಅವರ ತಟ್ಟೆಗೆ ಕೇಳದೆಯೇ ಮೂರು ಸೌಟು ಸಾರು ಸುರಿದೆ. ಪಾಪ, ಪ್ಯಾಂಟೆಲ್ಲ ಸಾರಾಯಿತು. ಮಾತು ಮಾತ್ರ ನಿಂತಿತು.

ಮೇ ತಿಂಗಳಲ್ಲಿ ನಿಮ್ಮಮ್ಮ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗಲೇಬೇಕೆಂದು ಹಟ ಹಿಡಿದಳು. ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋದೆವು. ಅರ್ಚಕರು ಗೋತ್ರ, ನಕ್ಷತ್ರ ಕೇಳಿದರು. ಅವಳು ಹೇಳಿ, "ಶತ್ರುಭಯ ನಿವಾರಣೆ ಅಂತಾನೂ ಸೇರಿಸಿ," ಎಂದಳು. ನಾನು ನಕ್ಕು, ಟ್ರೈನಿಂಗಿಗೆ ಎಂಥ ಶತ್ರು ಮಾರಾಯ್ತಿ ಎಂದೆ. "ಚಳಿ ಶತ್ರು ಅಲ್ವೇನ್ರೀ?" ಎಂದಳು. ಅಬ್ಬಾ, ಎಂಥ ಮಾತು ಎನ್ನಿಸಿತು ನನಗೆ. ನೆಪೋಲಿಯನ್ನನನ್ನು ಸೋಲಿಸಿದ್ದು ಚಳಿ, ಹಿಟ್ಲರನ ಸೈನ್ಯವನ್ನು ಮಾಸ್ಕೋದ ಮುಂದೆ ನಿಲ್ಲಿಸಿದ್ದರಲ್ಲಿ ಅರ್ಧ ಪಾಲು ಚಳಿಯದು. ಹ್ಯೂಸ್ಟನ್ನಿನಿಂದ ಮನೆ ಮುಟ್ಟುವವರೆಗೂ ಅವಳಿಗೆ ಇದನ್ನೇ ವಿವರಿಸಿದೆ. ಅವಳು ಕಿಟಕಿಯಾಚೆ ನೋಡುತ್ತ ಹ್ಞೂಂ, ಹ್ಞೂಂ ಎಂದಳು. ಯುರೋಪಿನ ಗುಪ್ತಚರ ಇಲಾಖೆಗಳೆಲ್ಲ ಏಮಾರಿದ ಕತೆ ಓದಿ ನಗುತ್ತಿದ್ದವನು ನಾನು.

ನಿಮ್ಮನ್ನು ಕಳಿಸಿದ ದಿನದ ವಿಷಯ ನಿನಗೇ ಗೊತ್ತು, ಆದರೆ ನಾನು ಕೂತಿದ್ದ ಕಡೆಯಿಂದ ಅದು ಹೇಗೆ ಕಂಡಿತೆಂದು ಗೊತ್ತಿಲ್ಲ. ಜಿಮ್ನೇಶಿಯಮ್ಮಿನ ನೆಲದ ತುಂಬ ಚೀಲಗಳು. ಅವುಗಳ ನಡುವೆ ನಿಮ್ಮ ತುಕಡಿ. ನಾನು ಕಾರ್ಗೋ ಕಚೇರಿಯವನ ಕಣ್ಣಿನಿಂದಲೇ ತೂಕ, ಸಾಲು, ಬಾಗಿಲು ನೋಡುತ್ತ ಕೂತಿದ್ದೆ. ಪಕ್ಕದ ಸಾಲಿನಲ್ಲಿ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡಿದ್ದ ಒಬ್ಬ ಸೈನಿಕ ಹುಡುಗಿಯ ಕಾಲರನ್ನು ಅವಳಮ್ಮ ಸರಿಮಾಡುತ್ತಿದ್ದಳು. ಸರಿಯಾಗಿಯೇ ಇದ್ದ ಕಾಲರು. ಮತ್ತೆ ಮಡಿಸುತ್ತಿದ್ದಳು, ಮತ್ತೆ ಬಿಡಿಸುತ್ತಿದ್ದಳು. ಆ ಹುಡುಗಿ ನಿನ್ನ ಕೈಕೆಳಗಿನವಳೆಂದು ಆಮೇಲೆ ನೀನೇ ಹೇಳಿದೆ. ಹಿಡಿಯಲ್ಲಿ ಎಣಿಸದೆ ಎತ್ತಿ ಇಟ್ಟ ಕಾಳಿಗೆಲ್ಲ ಹೀಗೆ ಅಮ್ಮಂದಿರಿರುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿ ಏನಲ್ಲ. ನೋಡಿರಲಿಲ್ಲ, ಅಷ್ಟೇ.

ನಿಮ್ಮಮ್ಮ ಫ್ಲಾಸ್ಕಿನಿಂದ ಮೊಸರವಲಕ್ಕಿ ತೆಗೆದು ಆ ಯೂನಿಫಾರಮ್ಮಿನಲ್ಲಿ ನಿಂತಿದ್ದ ನಿನ್ನ ಬಾಯಿಗೇ ಇಟ್ಟಳು. ನಿಮ್ಮ ಸಾರ್ಜೆಂಟು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಅವನಿಗೂ ಒಂದು ಚಮಚ ಹೋಯಿತು. ಅಷ್ಟು ದೊಡ್ಡ ಆಳು, ಬೇಡ ಅನ್ನಲು ಅವನಿಂದಲೂ ಆಗಲಿಲ್ಲ. ನಾನು ಏನಾದರೂ ದೊಡ್ಡ ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು, "ಸಾಕ್ಸ್ ದಿನಾ ಬದಲಿಸವ್ವಾ, ಹಸಿ ಸಾಕ್ಸ್ ಹಾಕ್ಕೋಬ್ಯಾಡ." ಮೊದಲ ಯುದ್ಧದ ಕಂದಕಗಳಲ್ಲಿ ಎಷ್ಟು ಜನರ ಕಾಲು ಕೊಳೆತವೆಂದು ನಿನಗೆ ಹೇಳಿಕೊಟ್ಟವನು ನಾನೇ ಅಲ್ಲವೇ. ನೀನು "ಎಸ್ ಸರ್" ಎಂದು ಸೆಲ್ಯೂಟ್ ಹೊಡೆದು ನಕ್ಕೆ. ನಾವಿಬ್ಬರೂ ಎಲ್ಲಿಗೆ ಎಂದು ಕೇಳಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಭಾಗ.

ಮರುದಿನ ನಾನು ಕೆಲಸದಿಂದ ಬಂದಾಗ ಊಟದ ಮೇಜಿನ ಮೇಲೆ ಯುರೋಪು ಹಾಸಿತ್ತು. ಅದನ್ನು ಅಟ್ಟದ ಪೆಟ್ಟಿಗೆಯಿಂದ ನಾನು ತೆಗೆದಿರಲಿಲ್ಲ. ಹಸಿರು ಪೆನ್ಸಿಲ್ಲಿನ ಗೆರೆಯ ಒಳಗೆ ಅವರೆಕಾಳು. ಒಂದು ಹಿಡಿಯಲ್ಲ, ಮಹತಿ. ರಾಶಿ. ಪೋಲೆಂಡು ಮುಚ್ಚಿಹೋಗಿ, ಜರ್ಮನಿಯ ಮೇಲೆ ಉರುಳಿ, ಬಾಲ್ಟಿಕ್ ಸಮುದ್ರದಲ್ಲೂ ಕಾಳು. ಇಂಡಿಯನ್ ಸ್ಟೋರಿನ ಖಾಲಿ ಚೀಲಗಳು ಕುರ್ಚಿಯ ಮೇಲೆ ಬಿದ್ದಿದ್ದವು. ಅವರೆಯನ್ನು ಎಣಿಸಿ ಖರ್ಚು ಮಾಡುವ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತು, "ಈಗ ಯಾರು ಬರ್ತಾರೋ ಬರ್ಲಿ, ನೋಡ್ತೀನಿ," ಎಂದಳು.

ನನ್ನ ಕೈಯಲ್ಲಿ ಊಟದ ಡಬ್ಬಿ ಹಾಗೇ ಇತ್ತು. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಅವತ್ತೇ, ನಿಮ್ಮ ಹರಟೆ ದಿನ. ನಾನು ಒಳಗೆ ಒಗ್ಗರಣೆ ಹಾಕ್ತಿದ್ದೆ ಅಂದ್ರೆ ಕಿವಿ ಕೇಳ್ತಿರ್ಲಿಲ್ಲ ಅಂತಾನಾ? ಎಲ್ಲಾ ಕಾಳೂ ಅವತ್ತು ಸಾಯಂಕಾಲ ಉಸ್ಲಿ ಮಾಡ್ದೆ. ಆ ಒಂದ್ ಹಿಡಿ ಅವರೆ ಮಾತ್ರ ಬೇಯ್ಸಕ್ಕೆ ಮನಸ್ಸಾಗ್ಲಿಲ್ಲ ಕಣ್ರೀ. ವಾಪಸ್ ಡಬ್ಬಿಗೆ ಹಾಕ್ದೆ. ಅವಳು ಯಾವ್ದಕ್ಕೆ ಹೊರಟಿದಾಳೆ ಅಂತ ಯುಗಾದಿ ದಿನ ಅವಳ ಮುಖ ನೋಡಿದ್ರೇ ಗೊತ್ತಾಗಿತ್ತು. ನಾನು ಹೆದರ್ಬಾರ್ದು ಅಂತ ಟ್ರೈನಿಂಗ್ ಅಂದ್ಲು. ಹೇಳ್ಕೊಳ್ಲಿ ಬಿಡಿ, ಮಗು."

ಆಮೇಲೆ ಅತ್ತಳು. ಕುರ್ಚಿಯ ಬೆನ್ನು ಹಿಡಿದುಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ತನಗೆ ಗೊತ್ತಿದೆಯೆಂದು ನಿನಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಳು.

ತಂತ್ರದ ದೃಷ್ಟಿಯಿಂದ ನಿಮ್ಮಮ್ಮ ಮಾಡಿದ್ದು ತಪ್ಪು. ಅಷ್ಟು ಸೈನ್ಯಕ್ಕೆ ಅನ್ನ, ಎಣ್ಣೆ ಸಾಗಿಸುವ ರಸ್ತೆ ಅಲ್ಲಿಲ್ಲ, ಆಚೆ ಕಡೆಯವರು ಬೆದರಿ ತಾವೇ ಮೊದಲು ಕೈಮಾಡುವ ಅಪಾಯವೂ ಇದೆ. ಜೀವನದಲ್ಲಿ ಮೊದಲ ಸಲ ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಆದರೆ ನನ್ನ ಸ್ಥಿತಿ ನೋಡು. ನಿನ್ನ ಗುಟ್ಟು ಅವಳಿಗೆ ಹೇಳಬಾರದು, ಅವಳ ಗುಟ್ಟು ನಿನಗೆ ಹೇಳಬಾರದು. ನಾನೀಗ ಬೆಲ್ಜಿಯಂ, ಎರಡೂ ಕಡೆಯವರು ನನ್ನ ಮೇಲೆಯೇ ಹಾದುಹೋಗುತ್ತಿದ್ದೀರಿ. ೧೯೧೪ರ ಅನಾಹುತಕ್ಕೆ ಇತಿಹಾಸಕಾರರು ನೂರು ಕಾರಣ ಹೇಳುತ್ತಾರೆ. ನನ್ನ ಪ್ರಕಾರ ದೊಡ್ಡ ಕಾರಣ ಗುಟ್ಟಿನ ಒಪ್ಪಂದಗಳು. ಇವನಿಗೆ ಒಂದು ಮಾತು, ಅವನಿಗೆ ಬೇರೆ ಮಾತು, ಕೊನೆಗೆ ಯಾರು ಯಾರಿಗಾಗಿ ನಿಂತಿದ್ದಾರೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದು ಬೇಡ. ಅದಕ್ಕೇ ಇಬ್ಬರಿಗೂ ಕೊಟ್ಟ ಮಾತನ್ನು ಒಟ್ಟಿಗೇ ಮುರಿಯುತ್ತಿದ್ದೇನೆ. ಈ ಕಾಗದವನ್ನು ನಿಮ್ಮಮ್ಮನ ಕೈಗೆ ಕೊಟ್ಟು ಓದಿಸಿಯೇ ಅಂಚೆಗೆ ಹಾಕುತ್ತೇನೆ. ಮುಂದಿನ ಸಲ ಫೋನ್ ಮಾಡಿದಾಗ ಟ್ರೈನಿಂಗು ಎನ್ನಬೇಡ. ಅವಳು ಥರ್ಮಲ್ಸ್ ವಿಚಾರಿಸಿದರೆ ನೀನೂ ನಿಜ ಹೇಳು. ಇಬ್ಬರೂ ಅಳುವುದಿದ್ದರೆ ಅತ್ತುಬಿಡಿ, ನಾನು ಫೋನ್ ಹಿಡಿದುಕೊಂಡಿರುತ್ತೇನೆ.

ಕಾಳು ಇನ್ನೂ ಮೇಜಿನ ಮೇಲೆಯೇ ಇದೆ. ನಾವು ಸೋಫಾದ ಮೇಲೆ ತಟ್ಟೆ ತೊಡೆಯಲ್ಲಿಟ್ಟುಕೊಂಡು ಉಣ್ಣುತ್ತೇವೆ. ಶ್ರೀಪತಿ ಬಂದರೆ ಅವರೂ ಹಾಗೇ, ಪಾಪ. ಪೋಲೆಂಡನ್ನು ಖಾಲಿ ಮಾಡುವ ಅಧಿಕಾರ ನಿನಗೊಬ್ಬಳಿಗೇ. ನೀನು ಬಂದು ನಿನ್ನ ಕೈಯಿಂದ ಬಾಚಿದ ಮೇಲೆಯೇ ನಮ್ಮ ಮನೆಯಲ್ಲಿ ಅವರೆ ಬೇಯುವುದು.

ದೂರ ಹೊರಟವಳ ದಾರಿ ತಿಳಿಯಾಗಿರಲಿ, ಕಾಲು ಒಣಗಿರಲಿ. ಆಚೆ ಕಡೆ ನಿಂತ ಮಕ್ಕಳೂ ಅವರವರ ಮನೆ ಮುಟ್ಟಲಿ.

ನಿನ್ನ ಅಪ್ಪ,
ಜಯತೀರ್ಥ

ಮಹತೀ, ನಾನು ಅಮ್ಮ. ಎಲ್ಲಾ ಓದಿದೆ. ನಿಮ್ಮಪ್ಪ ಮಾತು ಮುರಿದಿದ್ದಕ್ಕೆ ಅವರಿಗೆ ಇವತ್ತು ಕಾಫಿ ಇಲ್ಲ. ಇನ್ನೊಂದು ವಿಷಯ ಅವರು ಬರೆದಿಲ್ಲ, ಅದಕ್ಕೆ ನಾನು ಬರೀತಿದೀನಿ. ನಾನು ಸುರಿದದ್ದು ಎರಡೇ ಚೀಲ ಕಣೇ. ಅಂಗಡೀಲಿ ಇದ್ದದ್ದೇ ಅಷ್ಟು. ಮಾರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಇವರು ರಾತ್ರಿನೇ ಡಾಲಸ್ಸಿಗೆ ಹೋಗಿ ಇನ್ನೊಂದು ಚೀಲ ತಂದು, ರಾಶಿಯ ಪೂರ್ವದ ಕಡೆ ತೆಳ್ಳಗಿದೆ ಅಂತ, ಕೈಯಲ್ಲಿ ಒಂದೊಂದೇ ಹಿಡಿ ಇಡ್ತಾ ಕೂತಿದ್ರು. ನನ್ನ ನೋಡಿ ಕನ್ನಡಕ ಒರೆಸ್ಕೊಂಡ್ರು.

ದೇವರು ನಿನ್ನ ಚೆನ್ನಾಗಿಟ್ಟಿರಲಿ. ಬೇಗ ಬಾ, ನಮಗೆ ಮೇಜು ಬೇಕು.